ವ್ಯೂ ಪಾಯಿಂಟಿನ ಕೆಳಗೆ ನಮ್ಮ ಮನೆಗಳಿವೆ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಹೋದ ತಿಂಗಳು ನಮ್ಮೂರ ಗುಡ್ಡದ ನೆತ್ತಿಯಲ್ಲಿ ವ್ಯೂ ಪಾಯಿಂಟಿನ ಗುದ್ದಲಿ ಪೂಜೆಗೆ ಬಂದಿದ್ದಿರಿ. ನಿಮಗೆ ನನ್ನ ನೆನಪು ಇರಲಿಕ್ಕಿಲ್ಲ. ಆರತಿ ಎತ್ತಿದ ಐದು ಜನರಲ್ಲಿ ನಾನಿರಲಿಲ್ಲ. ಗಂಡ ಇಲ್ಲದವಳನ್ನು ಅದಕ್ಕೆ ಕರೆಯುವುದಿಲ್ಲ. ಮುರುಗಲು ಪಾನಕದ ತಂಬಿಗೆ ಹಿಡಿದು ಪೆಂಡಾಲಿನ ಹಿಂದೆ ಓಡಾಡುತ್ತಿದ್ದವಳು ನಾನು. ನೀವು ಎರಡು ಲೋಟ ಕುಡಿದು ಚೆನ್ನಾಗಿದೆ ಅಂದಿರಿ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಮೈಕ್ ಹಿಡಿದು, ಇಂಥ ಸ್ವರ್ಗದಲ್ಲಿ ಹುಟ್ಟೋಕೆ ಪುಣ್ಯ ಮಾಡಿರಬೇಕು ಅಂದಿರಿ. ಗಂಡಸರು ಚಪ್ಪಾಳೆ ತಟ್ಟಿದರು. ನಮ್ಮ ಕೈಯಲ್ಲಿ ಲೋಟಗಳಿದ್ದವು.

ನೀವು ನಿಂತು ಮಾತಾಡಿದ ಜಾಗದಿಂದ ಸೀದಾ ಕೆಳಗೆ ನೋಡಿದರೆ ಅಡಿಕೆ ತೋಟದ ಅಂಚಿಗೆ ಒಂದು ಹೆಂಚಿನ ಮನೆ ಕಾಣುತ್ತದೆ. ಅದು ನಮ್ಮದು. ಮನೆಯ ಹಿಂದೆ ಕೊಟ್ಟಿಗೆ. ಕೊಟ್ಟಿಗೆಯ ಹಿಂದೆ ಧರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ. ಆ ಧರೆಯ ಮೇಲೆ ಹೋದ ಮಳೆಗಾಲದಲ್ಲಿ ಒಂದು ಬಿರುಕು ಬಿಟ್ಟಿದೆ. ಅದರ ವಿಷಯ ಹೇಳೋಕೇ ಈ ಪತ್ರ.

ಆಷಾಢದ ಒಂದು ಬೆಳಗ್ಗೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಹಾಲು ಕರೆಯೋಕೆ ಹೋದವಳು ಬಚ್ಚಲ ಹತ್ತಿರ ಅಬ್ಬಿ ನೀರಿಗೆ ಕೈ ಒಡ್ಡಿದೆ. ನೀರು ಕೆಂಪಗೆ ಬರುತ್ತಿತ್ತು. ಮಳೆಗಾಲದಲ್ಲಿ ಹಳ್ಳ ಕೆಂಪಾಗುವುದು ಮಾಮೂಲಿ. ಆದರೆ ನಮ್ಮ ಅಬ್ಬಿ ಹಳ್ಳದ ನೀರಲ್ಲ, ಗುಡ್ಡದೊಳಗಿಂದ ಬರುವ ಒರತೆ. ನಾನು ಮದುವೆಯಾಗಿ ಬಂದ ಮೇಲೆ ಅದು ಒಂದು ದಿನವೂ ಕದಡಿದ್ದಿಲ್ಲ. ಕೊಡೆ ಹಿಡಿದು ಧರೆ ಹತ್ತಿ ನೋಡಿದೆ. ಅಂಗೈ ಅಗಲದ ಬಿರುಕು, ಹಲಸಿನ ಮರದ ಬುಡದಿಂದ ಮುಂದೆ ಹದಿನೈದು ಹೆಜ್ಜೆ. ಕೈಯಲ್ಲಿದ್ದ ಕೋಲು ಇಳಿಸಿದೆ, ತಳ ಸಿಗಲಿಲ್ಲ. ಮರ ಮನೆಯ ಕಡೆಗೆ ಸ್ವಲ್ಪ ವಾಲಿತ್ತು.

ಮರುದಿನ ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅನ್ನೋದು ಬೇಡ, ಅಲ್ಲಿದ್ದವರು ಕೆಟ್ಟವರೇನಲ್ಲ. ಕೂತ್ಕೊಳ್ಳಿ ಅಂತ ಕುರ್ಚಿ ಕೊಟ್ಟರು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಮನೇಲಿ ಗಂಡಸರು ಯಾರೂ ಇಲ್ವಾ ಅಮ್ಮ?" ಇಲ್ಲ ಅಂದೆ. "ಪಹಣಿ ಯಾರ ಹೆಸರಲ್ಲಿದೆ?" ಮಾವನ ಹೆಸರಲ್ಲಿದೆ ಅಂದೆ. "ಅವರನ್ನೇ ಒಂದ್ಸಲ ಕಳಿಸಿ, ಅರ್ಜಿ ಅವರ ಹೆಸರಲ್ಲೇ ಬರಬೇಕು."

ಮಾವ ತೀರಿಕೊಂಡು 14 ವರ್ಷ ಆಯಿತು ಸರ್. ಎಲ್ಲಿಂದ ಕಳಿಸಲಿ?

ನಗಬೇಡಿ. ಮಲೆನಾಡಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಮಾವ ಹೋದಾಗ ಪೌತಿ ಖಾತೆ ಮಾಡಿಸಲಿಲ್ಲ, ಅಂದರೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸಲಿಲ್ಲ. ಅಣ್ಣತಮ್ಮಂದಿರ ನಡುವೆ ಪಾಲು ಆಗಲಿಲ್ಲ. ಅಷ್ಟರಲ್ಲಿ ಇವರೂ ಹೋದರು. ಅಡಿಕೆಗೆ ಎಲೆಚುಕ್ಕೆ ರೋಗ ಬಂದು ಸೋಗೆಯೆಲ್ಲ ಸುಟ್ಟಂತಾದಾಗ ಪರಿಹಾರದ ಅರ್ಜಿಗೆ ಪಹಣಿ ಬೇಕು ಅಂದರು. ಸೊಸೈಟಿ ಸಾಲಕ್ಕೂ ಪಹಣಿ. ಬೆಳೆ ವಿಮೆಗೂ ಪಹಣಿ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರನನ್ನು ಹುಡುಕುವವಳು ನಾನು. ಕೊಳೆ ರೋಗಕ್ಕೆ ಸುಣ್ಣ, ಮೈಲುತುತ್ತ ಕದಡಿ ಬೋರ್ಡೋ ಮಾಡಿಸುವವಳು ನಾನು. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವಳೂ ನಾನೇ. ಚೊಗರು ಹತ್ತಿ ಕಪ್ಪಾದ ಬೆರಳು ಯುಗಾದಿ ಬಂದರೂ ಬೆಳ್ಳಗಾಗುವುದಿಲ್ಲ. ಆದರೆ ಸರ್ಕಾರದ ಲೆಕ್ಕದಲ್ಲಿ ಆ ತೋಟದ ರೈತ ಈಗಲೂ ನಮ್ಮ ಮಾವ.

ಇಲ್ಲಿ ನನ್ನ ತಪ್ಪೂ ಇದೆ, ಹೇಳಿಬಿಡುತ್ತೇನೆ. ತವರಿನಲ್ಲಿ ಪಾಲಾದಾಗ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ತಂದರು. ಓದದೆ ಸಹಿ ಹಾಕಿದೆ. ಒಂದು ಸೀರೆ ಕೊಟ್ಟರು, ಅತ್ತಿಗೆ ಬಿಸಿಬಿಸಿ ತೆಳ್ಳೇವು ಮಾಡಿ ಹಾಕಿದರು. ನಮ್ಮ ರಾಜ್ಯ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು ತಂದಿದ್ದು 1994ರಲ್ಲಿ. ಆದರೆ ಅದು ಆಗಲೇ ಮದುವೆಯಾದವರಿಗೆ ಅನ್ವಯಿಸುತ್ತಿರಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಅಡ್ಡಿಯೂ ಹೋಯಿತು. 2020ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟ ಮಾಡಿತು. ಆದರೂ ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ ಅನ್ನುವ ಹೆದರಿಕೆ ಹಾಗೇ ಉಳಿದಿದೆ. ಕೇಳಿದ್ದರೆ ನಿಜಕ್ಕೂ ಮುಚ್ಚುತ್ತಿತ್ತೋ ಏನೋ, ನಾನಂತೂ ನೋಡುವ ಧೈರ್ಯ ಮಾಡಲಿಲ್ಲ.

ಇದು ಮನೆ ಜಗಳ, ಶಾಸಕರಿಗೇನು ಸಂಬಂಧ ಅನ್ನಬಹುದು. ಸಂಬಂಧ ಇದೆ. ಈ ಗುಡ್ಡದ ಬಗ್ಗೆ ಏನೇ ತೀರ್ಮಾನ ಆಗಲಿ, ಕೇಳುವುದು ಪಹಣಿಯಲ್ಲಿ ಹೆಸರಿದ್ದವರನ್ನು. ಗುಡ್ಡದ ಮೇಲೆ ದಿನಾ ನಡೆಯುವವರು ಬೇರೆ.

ದರಕಿನ ವಿಷಯ ನೋಡಿ. ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗಿ ಒಣಗಿದ ಎಲೆ ಗುಡಿಸಿ ಹೊರೆ ಕಟ್ಟಿ ತರುವವರು ಹೆಂಗಸರೇ ಜಾಸ್ತಿ. ಯಾವ ಮರ ಈ ವರ್ಷ ಕಾಯಿ ಬಿಟ್ಟಿಲ್ಲ, ಉಪ್ಪಾಗೆ ಯಾಕೆ ಬೇಗ ಹಣ್ಣಾಯಿತು, ಅಪ್ಪೆಮಿಡಿಯ ಹೂವು ಯಾವ ಮಳೆಗೆ ಉದುರಿತು, ಎಲ್ಲ ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಮಂಗ ಸತ್ತು ಬಿದ್ದ ಸುದ್ದಿ ಊರಿಗೆ ತರುವವರೂ ಅವರೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಆ ಕಾಯಿಲೆ ಹರಡುವ ಉಣುಗು ಹತ್ತುವುದು ಎಲೆರಾಶಿಯಲ್ಲಿ ಕೂತವರಿಗೆ ತಾನೇ? ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಆಶಾ ಕಾರ್ಯಕರ್ತೆ ತಂದುಕೊಡುತ್ತಾಳೆ. ಅವಳೂ ನಾಲ್ಕು ಮೈಲಿ ನಡೆದೇ ಬರಬೇಕು.

ಅಬ್ಬಿ ಮೊದಲು ಮೇ ತಿಂಗಳವರೆಗೆ ಹರಿಯುತ್ತಿತ್ತು. ಈಗ ಮಾರ್ಚಿಗೇ ನೂಲಿನಂತೆ ಸಣ್ಣಗಾಗುತ್ತದೆ. ಮೇಲಿನ ಬೆಟ್ಟದಲ್ಲಿ ಹೊನ್ನೆ, ಮತ್ತಿ ಇದ್ದ ಜಾಗದಲ್ಲಿ ಅಕೇಶಿಯಾ ನಿಂತಿದೆ. ಅದರಡಿ ಹುಲ್ಲು ಸಹ ಸರಿಯಾಗಿ ಬರುವುದಿಲ್ಲ. ಕೆಳಗೆ ಗದ್ದೆಗಳೆಲ್ಲ ಅಡಿಕೆ ತೋಟವಾದವು. ಮಳೆಗಾಲವಿಡೀ ನೀರು ನಿಂತು ನೆಲಕ್ಕೆ ಇಳಿಯುತ್ತಿದ್ದುದು ಗದ್ದೆಯಲ್ಲೇ ಅಲ್ವಾ? ಈಗ ಬಸಿಗಾಲುವೆ ತೋಡಿ ಆ ನೀರನ್ನು ಹಳ್ಳಕ್ಕೆ ಓಡಿಸುತ್ತೇವೆ. ಸರ್ಕಾರ ಅಂಗಳಕ್ಕೆ ನಲ್ಲಿ ಕೊಟ್ಟಿದೆ, ಉಪಕಾರ ಮರೆಯುವುದಿಲ್ಲ. ಆದರೆ ಪೈಪು ಗುಡ್ಡದಿಂದಲೇ ಬರಬೇಕು, ಗುಡ್ಡದಲ್ಲಿ ನೀರಿಲ್ಲ. ಏಪ್ರಿಲ್‌ನಲ್ಲಿ ಆ ನಲ್ಲಿಗೆ ಎಮ್ಮೆ ಕರು ಕಟ್ಟುತ್ತೇನೆ. ಗಟ್ಟಿಯಾಗಿದೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯವರು ಕಳಸೆ ಕಾಡಿಗೆ ಹೋಗಿ ಮರ ಅಪ್ಪಿ ನಿಂತರಲ್ಲ, ಆ ಅಪ್ಪಿಕೋ ಚಳವಳಿ 38 ದಿನ ನಡೆಯಿತು. ನಾನಾಗ ಸಣ್ಣ ಹುಡುಗಿ. ಊರಿನ ಹೆಂಗಸರು ಬುತ್ತಿ ಕಟ್ಟಿಕೊಂಡು ಕಾಡಿಗೆ ಹೋದ ಕತೆಯನ್ನು ದೊಡ್ಡವರು ಹೇಳುವಾಗ ಬಾಯಿ ಬಿಟ್ಟು ಕೇಳುತ್ತಿದ್ದೆ. ಅಂಕೋಲೆಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಮಾಡುತ್ತಲೇ ಯಾವ ತಾಯಿಮರದ ಬೀಜ ಯಾವಾಗ ಆಯಬೇಕು ಅನ್ನುವುದನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು. 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ ದಿಲ್ಲಿಯಿಂದ ಹಳ್ಳಿಯವರೆಗೆ ಸಂತಾಪ. ಅವರಷ್ಟಲ್ಲದಿದ್ದರೂ ಅವರ ಅರ್ಧದಷ್ಟು ಕಾಡು ಗೊತ್ತಿರುವ ಹೆಂಗಸರು ನಿಮ್ಮ ಕ್ಷೇತ್ರದ ಪ್ರತಿ ಊರಲ್ಲೂ ಇದ್ದಾರೆ. ವ್ಯೂ ಪಾಯಿಂಟಿನ ಪಾರ್ಕಿಂಗಿಗೆ ಗುಡ್ಡ ಎಲ್ಲಿ ಕಡಿಯಬೇಕು ಅಂತ ಯಾರೂ ಅವರನ್ನು ಕೇಳಲಿಲ್ಲ.

ಅಲ್ಲಿ ಜೆಸಿಬಿ ಕಡಿದಿದ್ದು ನನ್ನ ಬಿರುಕಿನ ನೆತ್ತಿಗೆ ಸರಿಯಾಗಿ.

ಹೆದರಿಸೋಕೆ ಹೇಳುತ್ತಿಲ್ಲ. 2018ರಲ್ಲಿ ಕೊಡಗಿನಲ್ಲಿ ಏನಾಯಿತು ಅಂತ ಟಿವಿಯಲ್ಲಿ ನೋಡಿದೆವು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿ ತೋಟಕ್ಕೆ ತೋಟವೇ ಹೋಯಿತು. ಅದು ಟಿವಿಯ ಸುದ್ದಿಯಲ್ಲ, ನಮ್ಮ ನೆಂಟರಿಷ್ಟರ ಸುದ್ದಿ. 2024ರ ಜುಲೈ 16ಕ್ಕೆ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಂತು. ಅದೇ ತಿಂಗಳ 30ಕ್ಕೆ ವಯನಾಡು. ಮರುದಿನ ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸುವ ಕರಡು ಅಧಿಸೂಚನೆಯನ್ನು ಆರನೇ ಸಲ ಹೊರಡಿಸಿತು. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಆ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿ ಒಪ್ಪುವುದಿಲ್ಲ ಅಂದಿತು. ವರದಿ ಬೇಕೋ ಬೇಡವೋ ಅನ್ನುವ ವಾದಕ್ಕೆ ನಾನು ಬರುವುದಿಲ್ಲ. ಬದುಕು ಕಟ್ಟಿಹಾಕುತ್ತಾರೆ ಅನ್ನುವ ಭಯ ನಮ್ಮೂರಿನವರಿಗಿದೆ, ಸುಮ್ನೆ ಹುಟ್ಟಿದ ಭಯ ಅಲ್ಲ. ಆದರೆ ನಮ್ಮೂರಲ್ಲಿ ಇದಕ್ಕಂತ ಕರೆದ ಸಭೆಯಲ್ಲಿ ಬೇಕು ಅಂದವರೂ ಗಂಡಸರು, ಬೇಡ ಅಂದವರೂ ಗಂಡಸರು. ನಾವು ಒಳಗೆ ಅವಲಕ್ಕಿ ಕಲಸುತ್ತಿದ್ದೆವು.

ಪಂಚಾಯಿತಿಯಲ್ಲಿ ನಮಗೆ ಅರ್ಧ ಸೀಟು ಇದೆ ನಿಜ. ನಮ್ಮ ಅಧ್ಯಕ್ಷೆ ಅವತ್ತು ನಿಮ್ಮ ಪಕ್ಕದ ಪಕ್ಕದ ಕುರ್ಚಿಯಲ್ಲೇ ಇದ್ದಳು. ಅವಳ ಭಾಷಣ ಓದಿದ್ದು ಮಾತ್ರ ಅವಳ ಗಂಡ. ನೀವು ಗಮನಿಸಿದಿರೋ ಇಲ್ಲವೋ.

ಇನ್ನೊಂದು ಮಾತು. ಘಟ್ಟದ ಮೇಲಿನ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಅಂತ ಎಲ್ಲ ಸಭೆಯಲ್ಲೂ ಗೋಳಾಡುತ್ತಾರೆ. ಹುಡುಗಿಯರಿಗೆ ಬೆಂಗಳೂರಿನ ಹುಚ್ಚು ಅಂತ ಬೈಯುತ್ತಾರೆ. ನನ್ನ ಮಗಳೂ ಬೆಂಗಳೂರಲ್ಲೇ ಇದ್ದಾಳೆ. ವಾಪಸ್ ಬಾ ಅಂತ ನಾನು ಒಂದು ಸಲವೂ ಹೇಳಿಲ್ಲ. ಬಂದು ಏನು ಮಾಡಬೇಕು? ಮಳೆಗಾಲದಲ್ಲಿ ಹಳ್ಳದ ಮೇಲೆ ಅಡಿಕೆ ದಬ್ಬೆ ಹಾಸಿದ ಕಾಲುಸಂಕ ದಾಟಬೇಕು. 2022ರ ಮಳೆಗಾಲದಲ್ಲಿ ಬೈಂದೂರಿನ ಕಡೆ ಶಾಲೆ ಬಿಟ್ಟು ಬರುತ್ತಿದ್ದ ಮಗುವೊಂದು ಅಂಥದೇ ಕಾಲುಸಂಕದಿಂದ ಜಾರಿ ಹೋಯಿತು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ. ನಮ್ಮೂರಿಗೆ ಬಸ್ಸೇ ಬರುವುದಿಲ್ಲ. ಫ್ರೀ ಆಗಿದ್ದನ್ನು ಹತ್ತೋಕೆ ಕ್ರಾಸಿನವರೆಗೆ ಜೀಪಿಗೆ ದುಡ್ಡು ಕೊಡಬೇಕು. ಇದನ್ನೆಲ್ಲ ಸಹಿಸಿಕೊಂಡು ಅವಳು ತೋಟ ಮಾಡಿದರೂ ತೋಟ ಅವಳದಾಗುವುದಿಲ್ಲ. ಅವಳು ಲೆಕ್ಕ ಕಲಿತವಳು. ಲೆಕ್ಕ ಸರಿಯಾಗಿಯೇ ಹಾಕಿದ್ದಾಳೆ.

ಪ್ರವಾಸಿಗರು ಬಂದರೆ ಊರಿಗೆ ದುಡ್ಡು ಬರುತ್ತದೆ ಅಂದಿರಿ. ಬರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಪಕ್ಕದ ಕೇರಿಯಲ್ಲಿ ಹೋಮ್‌ಸ್ಟೇ ಆಗಿದೆ. ಬೆಳಗ್ಗೆ ಐದಕ್ಕೆ ಎದ್ದು ಇಪ್ಪತ್ತು ಜನಕ್ಕೆ ದೋಸೆ ಹೊಯ್ಯುವವಳು ಆ ಮನೆಯ ಸೊಸೆ. ಲೈಸೆನ್ಸಿನಲ್ಲಿರುವ ಹೆಸರು, ಬ್ಯಾಂಕ್ ಖಾತೆಯಲ್ಲಿರುವ ಹೆಸರು ಯಾರದು ಅಂತ ನಿಮಗೆ ಹೇಳಬೇಕಾಗಿಲ್ಲ. ಹಳ್ಳದಲ್ಲಿ ಬಿದ್ದ ಬಾಟಲಿ ಆರಿಸಿ ತರುವವಳೂ ಅವಳೇ.

ನಾನು ಕೇಳುವುದು ಜಾಸ್ತಿಯೇನಿಲ್ಲ. ಕಾಮಗಾರಿ ನಿಲ್ಲಿಸಿ ಅಂತ ರಸ್ತೆ ತಡೆ ಮಾಡುವಷ್ಟು ಜನ ನಮ್ಮಲ್ಲಿಲ್ಲ. ಮಳೆ ಹಿಡಿಯುವ ಮೊದಲು ಭೂವಿಜ್ಞಾನ ಗೊತ್ತಿರುವ ಯಾರನ್ನಾದರೂ ಕರೆತಂದು ಆ ಧರೆ ತೋರಿಸಿ. ಅವರು ಸರಿ ಇದೆ ಅಂದರೆ ಸಂತೋಷ. ಜೊತೆಗೆ ಬಿರುಕು, ಕದಡಿದ ಒರತೆ, ವಾಲಿದ ಮರ ಕಂಡ ಯಾರೇ ಬಂದು ಹೇಳಿದರೂ ಪಹಣಿ ಕೇಳದೆ ಬರೆದುಕೊಳ್ಳಿ ಅಂತ ಕಚೇರಿಗಳಿಗೆ ಒಂದು ಮಾತು ಹೇಳಿ. ಅದಕ್ಕೆ ಬಜೆಟ್ ಏನೂ ಬೇಡ, ಒಂದು ನೋಟ್‌ಬುಕ್ ಸಾಕು.

ಅರಣ್ಯ ಹಕ್ಕಿನ ವಿಷಯದಲ್ಲಿ ನೀವು ಮನಸ್ಸು ಮಾಡಿದರೆ ಇನ್ನೂ ದೊಡ್ಡ ಕೆಲಸ ಆಗುತ್ತದೆ. 2006ರ ಕಾಯ್ದೆಯಲ್ಲೇ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು ಅಂತಿದೆ. ಗ್ರಾಮಸಭೆಗೆ ಬಂದವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು ಅಂತ ನಿಯಮವೂ ಇದೆ. ನಮ್ಮಲ್ಲಿ ಆ ಮೂರರಲ್ಲಿ ಒಂದು ಪಾಲನ್ನು ರಿಜಿಸ್ಟರ್ ಮನೆಮನೆಗೆ ಕಳಿಸಿ ಸಹಿ ಹಾಕಿಸಿ ತುಂಬಿಸುತ್ತಾರೆ. ನಾನೂ ಒಲೆ ಮುಂದೆ ನಿಂತು ಸಹಿ ಹಾಕಿದ್ದೇನೆ. ಪೌತಿ ಖಾತೆಗೆ ಊರಲ್ಲೇ ಒಂದು ದಿನ ಕ್ಯಾಂಪ್ ಮಾಡಿಸಿ. ಬದುಕಿರುವ ಹೆಂಗಸರ ಹೆಸರು ಕೇಳಿ ಕೇಳಿ ಬರೆಸಿ. ಮೈದುನಂದಿರು ಗೊಣಗುತ್ತಾರೆ, ಗೊತ್ತು. ನಿಮ್ಮೆದುರು ಸ್ವಲ್ಪ ಕಡಿಮೆ ಗೊಣಗುತ್ತಾರೆ.

ವ್ಯೂ ಪಾಯಿಂಟಿನ ಉದ್ಘಾಟನೆಗೆ ಬಂದೇ ಬರುತ್ತೀರಿ. ಅದಕ್ಕಿಂತ ಮೊದಲು ಒಂದು ಸಲ ಕೆಳಗಿನ ದಾರಿಯಿಂದ ಬನ್ನಿ. ಕಾರು ಕ್ರಾಸಿನಲ್ಲಿ ಬಿಡಬೇಕಾಗುತ್ತದೆ. ಕಾಲುಸಂಕದ ಎಡಗಡೆಯ ದಬ್ಬೆ ಕೊಳೆತು ಕುಂಬಾಗಿದೆ, ಬಲಗಡೆಯದರ ಮೇಲೆ ಕಾಲಿಡಿ. ಬಿರುಕಿಗೆ ಪ್ಲಾಸ್ಟಿಕ್ ಹೊದಿಸಿ ಕಲ್ಲು ಹೇರಿದ್ದೇನೆ, ಸರಿಸಿ ತೋರಿಸುತ್ತೇನೆ. ಆಸರಿಗೆ ಮುರುಗಲು ಪಾನಕ ಇದ್ದೇ ಇದೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು
(ಮತದಾರರ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರು ಸರಿಯಾಗಿದೆ)