ಗುಡ್ಡ ಕಡಿಯುವ ಮೊದಲು ಮಣ್ಣು ನೋಡಿ

ಮಾನ್ಯರೇ,

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹಾದಂಗಡಿಯವರೂ ಲಾರಿಯವರೂ ಜೀವ ಕಳೆದುಕೊಂಡರು. ಮಳೆಯೊಂದನ್ನೇ ದೂರಿದರೆ ಸಾಲದು. ಹೆದ್ದಾರಿಗಾಗಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದಿದ್ದೂ ಕಾರಣ ಅಲ್ವಾ?

ಮೊನ್ನೆ ಕುಮಟಾ ಕಡೆ ಬಸ್ಸಿನಲ್ಲಿ ಹೋಗುವಾಗ ನೋಡಿದೆ. ಕಡಿದ ಗುಡ್ಡದ ಬುಡದಲ್ಲಿ ಚರಂಡಿ ತುಂಬ ಕೆಂಪು ಮಣ್ಣು. ಮೇಲೆ ಬೇರು ಹೊರಬಿದ್ದ ಗೇರು ಮರ. ಎದೆ ಝಲ್ಲೆಂದಿತು.

ಡಾಂಬರಿನ ದಪ್ಪ ಅಳೆದ ಮಾತ್ರಕ್ಕೆ ರಸ್ತೆಯ ಗುಣಮಟ್ಟದ ಪರೀಕ್ಷೆ ಆಗುವುದಿಲ್ಲ. ನಕ್ಷೆ ಹಾಕುವಾಗಲೇ ಭೂವಿಜ್ಞಾನಿಗಳು ಮಣ್ಣು ನೋಡಬೇಕು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ನೀರು ಹರಿಯಲು ದಾರಿ ಬಿಡಬೇಕು. ಗುತ್ತಿಗೆದಾರರ ಹಂಗಿಲ್ಲದ ತಜ್ಞರು ಒಪ್ಪಿದ ಮೇಲಷ್ಟೇ ಬಿಲ್ ಪಾವತಿಸಿ. ಅವರ ವರದಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೂ ಅಂಟಿಸಿ.

ಓದುಗ, ಹೊನ್ನಾವರ