ಯಂತ್ರ ಬರಲಿ, ಮಾತ್ರೆ ಬಿಡಿಸಬೇಡಿ

ಮಾನ್ಯರೇ,

ಹಾಸನದ ನಮ್ಮ ಬಡಾವಣೆಗೆ ಸ್ನಾಯುಗಳಿಗೆ ವಿದ್ಯುತ್ ಮಿಡಿತ ಕೊಡುವ ಯಂತ್ರ ಮಾರಲು ಬಂದವರು, ‘ಇದಿದ್ದರೆ ಸಕ್ಕರೆ ಕಾಯಿಲೆಯ ಮಾತ್ರೆಯೇ ಬೇಡ’ ಎಂದರು. ಮಂಡಿನೋವಿನಿಂದ ನಡೆಯಲಾಗದ ನನ್ನ ತಾಯಿ ಅದನ್ನು ನಂಬಿ ಮಾತ್ರೆ ಬಿಟ್ಟರು. ವಾರದೊಳಗೆ ಸಕ್ಕರೆ 300 ದಾಟಿತು.

ಯಂತ್ರದ ಹಿಂದಿನ ವಿಜ್ಞಾನ ಸುಳ್ಳಲ್ಲ. ವಿದ್ಯುತ್ ಮಿಡಿತದಿಂದ ಸಂಕುಚಿಸುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸ್ ಹೀರಿಕೊಳ್ಳುತ್ತದೆ. ವ್ಯಾಯಾಮ ಮಾಡಲಾಗದವರಿಗೆ ಇದು ಆಸರೆಯಾಗಬಹುದು, ಆದರೆ ಔಷಧದ ಜೊತೆಗೆ ಮಾತ್ರ. ಪೇಸ್‌ಮೇಕರ್ ಇದ್ದವರಿಗೆ ಅಪಾಯ. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಯಂತ್ರದಿಂದ ಚರ್ಮ ಸುಟ್ಟರೂ ತಿಳಿಯದು. ಮಾರಲು ಬಂದವರು ಇದಾವುದನ್ನೂ ವಿಚಾರಿಸಲೇ ಇಲ್ಲ.

ಇಂಥ ಮಾರಾಟದ ಮೇಲೆ ಆರೋಗ್ಯ ಇಲಾಖೆ ಕಣ್ಣಿಡಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲೇ ಫಿಸಿಯೋಥೆರಪಿಸ್ಟ್ ನಿಗಾದಲ್ಲಿ ಈ ಸೌಲಭ್ಯ ಸಿಕ್ಕರೆ ನನ್ನ ತಾಯಿಯಂಥವರು ಮೋಸಹೋಗುವುದಿಲ್ಲ.

– ನೊಂದ ಓದುಗ, ಹಾಸನ