ಗೆಳೆಯನಿಗೊಂದು ಪತ್ರ: ಮಳೆಗಾಲದಲ್ಲಿ ಬಜಪೆಗೆ ಇಳಿಯುವುದೆಂದರೆ

ಪ್ರೀತಿಯ ಸದಾಶಿವ,

ನಿನ್ನ ಪತ್ರ ಓದಿದೆ. ಬಜಪೆಯಲ್ಲಿ, ಅಂದರೆ ನಮ್ಮ ಮಂಗಳೂರು ವಿಮಾನ ನಿಲ್ದಾಣದಲ್ಲಿ, ಇನ್ನೇನು ನೆಲ ಮುಟ್ಟಿತು ಅನ್ನುವಾಗ ವಿಮಾನ ಮತ್ತೆ ಮೇಲಕ್ಕೆದ್ದಿತು, ಎರಡನೇ ಸಲ ಬಂದಾಗ ಧಡ್ಡೆಂದು ಕುಕ್ಕಿತು, ಪೈಲಟ್‌ಗೆ ಕೈ ಪಳಗಿಲ್ಲ ಅಂತ ಬರೆದಿದ್ದೀಯ. ಆ ಸಂಜೆ ನಿನ್ನನ್ನು ಕ್ಷೇಮವಾಗಿ ಮನೆ ಸೇರಿಸಿದ್ದೇ ಆ ಎರಡು ಕೆಲಸ. ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ಬಜಪೆಯ ರನ್‌ವೇ 2450 ಮೀಟರ್ ಉದ್ದ. ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ್ದು, ತುದಿ ದಾಟಿದರೆ ಇಳಿಜಾರು. ಮಳೆಗಾಲದ ಗಾಳಿ ಸಮುದ್ರದ ಕಡೆಯಿಂದ ಬೀಸುತ್ತದೆ. 24ನೇ ರನ್‌ವೇಗೆ (ಈ ಅಂಕಿ ದಿಕ್ಸೂಚಿಯ ಸುಮಾರು 240 ಡಿಗ್ರಿಯನ್ನು ಹೇಳುತ್ತದೆ) ಬರುವ ವಿಮಾನದ ಮೂಗು ನೈರುತ್ಯಕ್ಕೆ ತಿರುಗಿರುವುದರಿಂದ ಸಾಮಾನ್ಯವಾಗಿ ಎದುರುಗಾಳಿಯೇ ಸಿಗುತ್ತದೆ. ಅದು ಒಳ್ಳೆಯದೇ, ನೆಲದ ಲೆಕ್ಕದಲ್ಲಿ ವೇಗ ಕಮ್ಮಿಯಾಗುತ್ತದೆ. ತೊಂದರೆ ಕೊಡುವುದು ಗಾಳಿಯ ಏರಿಳಿತ.

ಕೆಲಸ ಶುರುವಾಗುವುದು ಇನ್ನೂ ಮೇಲೆ ಹಾರುತ್ತಿರುವಾಗಲೇ. ರಾಡಾರ್ ಪರದೆಯಲ್ಲಿ ಹಗುರ ಮಳೆ ಹಸಿರು, ಜೋರಾದರೆ ಹಳದಿ, ಬಿರುಮಳೆ ಕೆಂಪು. ಗುಡುಗುಮೋಡದಿಂದ 20 ನಾಟಿಕಲ್ ಮೈಲಿ ದೂರ ಉಳಿಯಬೇಕು ಅನ್ನುವುದು ಹಳೆಯ ಪಾಠ. ಹೊಸಬರು ಮೋಸ ಹೋಗುವುದು ಕೆಂಪು ಮೋಡದ ಹಿಂದೆ ಕಾಣುವ ಕಪ್ಪು ಜಾಗದಲ್ಲಿ. ಅಲ್ಲಿ ಆಕಾಶ ತಿಳಿಯಾಗಿದೆ ಅಂತ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಮುಂದಿನ ಮಳೆಯೇ ರಾಡಾರ್ ಅಲೆಯನ್ನೆಲ್ಲ ನುಂಗಿರುತ್ತದೆ, ಹಿಂದೆ ಏನಿದೆ ಅಂತ ಗೊತ್ತಾಗಿರುವುದಿಲ್ಲ.

ಆಮೇಲೆ ವೇಗದ ಲೆಕ್ಕ. ಬೋಯಿಂಗ್ 737-800ರಲ್ಲಿ ಆ ದಿನದ ತೂಕಕ್ಕೆ ಇಳಿಯುವ ಮೂಲ ವೇಗ 140 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ಅಂತ ಇಟ್ಟುಕೋ. ಎದುರುಗಾಳಿ 10 ನಾಟ್, ನಡುನಡುವೆ 18ಕ್ಕೆ ಏರುತ್ತಿದೆ. ಸ್ಥಿರ ಗಾಳಿಯ ಅರ್ಧ 5, ಏರಿಕೆ ಪೂರ್ತಿ 8, ಕೂಡಿಸಿದರೆ 153. ನೆಲ ಹತ್ತಿರವಾದಂತೆ ಆ 5ನ್ನು ಬಿಟ್ಟುಬಿಡಬೇಕು, 8ನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು. ಹೇಗಾದರೂ ಇರಲಿ ಅಂತ ಇನ್ನೊಂದು ಹತ್ತು ನಾಟ್ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ತಡೆಯಬೇಕು. ವೇಗ ಶೇ. 10 ಹೆಚ್ಚಾದರೆ ಬ್ರೇಕು ನುಂಗಬೇಕಾದ ಶಕ್ತಿ ಶೇ. 21 ಹೆಚ್ಚುತ್ತದೆ. ಒದ್ದೆ ರನ್‌ವೇಯಲ್ಲಿ ನಿಲ್ಲಲು ಎಷ್ಟು ಉದ್ದ ಬೇಕು ಅನ್ನುವುದನ್ನೂ ಆಗಲೇ ತೆಗೆದು, ಅದಕ್ಕೆ ಶೇ. 15 ಕೂಡಿಸಿ, ಇರುವ ಉದ್ದದೊಂದಿಗೆ ಹೋಲಿಸಿ ನೋಡುತ್ತಾರೆ.

1000 ಅಡಿಯಲ್ಲಿ ಒಂದು ಗೆರೆ ಇದೆ. ಅಷ್ಟರೊಳಗೆ ಚಕ್ರ ಕೆಳಗಿರಬೇಕು, ಫ್ಲಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂದೆ ಚಾಚುವ ಹಲಗೆ) ಕೊನೆಯ ಹಂತಕ್ಕೆ ಬಂದಿರಬೇಕು, ವೇಗ ಗುರಿಯ ಆಸುಪಾಸಿನಲ್ಲಿರಬೇಕು, ಇಳಿಯುವ ದರ ನಿಮಿಷಕ್ಕೆ 1000 ಅಡಿ ಮೀರಬಾರದು. ಸಾಮಾನ್ಯವಾಗಿ 700ರ ಸುಮಾರು ಇರುತ್ತದೆ. ಚೆಕ್‌ಲಿಸ್ಟ್ ಮುಗಿದಿರಬೇಕು. ಇದರಲ್ಲಿ ಒಂದು ತಪ್ಪಿದರೂ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು. ಆಮೇಲೆ ಸರಿಮಾಡಿಕೊಳ್ಳೋಣ ಅನ್ನುವ ಮಾತಿಲ್ಲ.

ಇದೆಲ್ಲ ಕಂಪ್ಯೂಟರೇ ಮಾಡುತ್ತಲ್ಲವಾ ಅಂತ ನೀನು ಕೇಳಿದ್ದೆಯಲ್ಲ. ವಿಮಾನ ತಾನೇ ಇಳಿಯುವ ಆಟೋಲ್ಯಾಂಡ್ ಇರುವುದು ಮಂಜಿಗಾಗಿ, ಗಾಳಿ ಶಾಂತವಾಗಿದ್ದು ಕಣ್ಣು ಕಾಣದಿರುವ ಹೊತ್ತಿಗೆ. ಅದಕ್ಕೆ ಗಾಳಿಯ ಮಿತಿ ಬಿಗಿ, ನೆಲದ ಮೇಲಿನ ಸಲಕರಣೆಯೂ ಅದಕ್ಕೆ ತಕ್ಕ ದರ್ಜೆಯದ್ದಿರಬೇಕು. ಬಿರುಗಾಳಿಯಲ್ಲಿ ಕೊನೆಯ ಕೆಲವು ನೂರು ಅಡಿ ಇಳಿಸುವುದು ಮನುಷ್ಯನ ಕೈಯೇ.

ನಿಜವಾಗಿ ಕೊಲ್ಲುವುದು ವಿಂಡ್‌ಶಿಯರ್, ಅಂದರೆ ಗಾಳಿಯ ದಿಕ್ಕು, ವೇಗ ತಟ್ಟನೆ ಬದಲಾಗುವುದು. ಗುಡುಗುಮೋಡದ ಅಡಿಯಿಂದ ತಣ್ಣನೆಯ ಗಾಳಿ ನೆಲಕ್ಕೆ ಬಿದ್ದು ಎಲ್ಲ ಕಡೆಗೂ ಚೆಲ್ಲುತ್ತದೆ. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಸಿಗುವುದು ಎದುರುಗಾಳಿ. ಗಾಳಿಯ ಲೆಕ್ಕದಲ್ಲಿ ವೇಗ ತಾನಾಗಿ ಏರುತ್ತದೆ, ಪೈಲಟ್ ಎಂಜಿನ್ ತಗ್ಗಿಸುತ್ತಾನೆ. ಅಷ್ಟರಲ್ಲಿ ಮೇಲಿನಿಂದ ಒತ್ತುವ ಗಾಳಿ, ಅದರ ಬೆನ್ನಿಗೇ ಹಿಂಗಾಳಿ. ಏರಿದ್ದ ವೇಗ ಕೆಲವೇ ಕ್ಷಣಗಳಲ್ಲಿ ಕುಸಿಯುತ್ತದೆ, ತಗ್ಗಿಸಿದ ಎಂಜಿನ್ ಮತ್ತೆ ಪೂರ್ತಿ ಬಲ ಕೊಡಲು ಹೊತ್ತು ಬೇಕು. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಸ್‌ನಲ್ಲಿ ಡೆಲ್ಟಾ 191 ವಿಮಾನ ಬಿದ್ದದ್ದು ಹೀಗೆ. ಆಮೇಲೆಯೇ ಮುಂದಿರುವ ವಿಂಡ್‌ಶಿಯರ್ ಅನ್ನು ಮೊದಲೇ ಹಿಡಿಯುವ ರಾಡಾರ್ ಬಂದದ್ದು. ಅದು ಕೂಗಿದರೆ ಚರ್ಚೆಯಿಲ್ಲ, ವಾಪಸ್. ಒಳಗೆ ಸಿಕ್ಕಿಹಾಕಿಕೊಂಡಾಗಿದ್ದರೆ ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು, ಮೂಗನ್ನು 15 ಡಿಗ್ರಿಯತ್ತ ಎತ್ತಿ, ಚಕ್ರವನ್ನಾಗಲಿ ಫ್ಲಾಪನ್ನಾಗಲಿ ಮುಟ್ಟದೆ ಹೊರಬರುವವರೆಗೆ ಹಿಡಿದಿಡಬೇಕು. ಚಕ್ರ ಒಳಗೆಳೆದರೆ ಹಗುರಾಗುತ್ತದಲ್ಲ ಅನಿಸಬಹುದು. ಆದರೆ ಅದರ ಬಾಗಿಲು ತೆರೆದುಕೊಂಡಾಗ ಗಾಳಿಯ ತಡೆ ಇನ್ನೂ ಹೆಚ್ಚಾಗುತ್ತದೆ, ನೆಲಕ್ಕೆ ಬಡಿಯುವ ಸಂದರ್ಭ ಬಂದರೆ ಆಘಾತ ತಾಳಿಕೊಳ್ಳಲು ಚಕ್ರವೂ ಇರುವುದಿಲ್ಲ.

ಸುಮಾರು 200 ಅಡಿಗೆ ಬಂದಾಗ ರನ್‌ವೇ ದೀಪಗಳು ಕಾಣಲೇಬೇಕು. ಕಂಡರೂ ಗಾಜಿನ ಮೇಲಿನ ನೀರು ಕಣ್ಣಿಗೆ ಮೋಸ ಮಾಡುತ್ತದೆ. ಇರುವುದಕ್ಕಿಂತ ಎತ್ತರದಲ್ಲಿದ್ದೇವೆ ಅನಿಸುತ್ತದೆ, ಕೈ ತಾನಾಗಿ ಮೂಗನ್ನು ತಗ್ಗಿಸಲು ಹೊರಡುತ್ತದೆ. ಅದಕ್ಕೇ ಪಕ್ಕದ ಪೈಲಟ್ ಕಣ್ಣನ್ನು ಮೀಟರ್‌ಗಳ ಮೇಲಿಟ್ಟು ಅಂಕಿ ಕೂಗುತ್ತಿರುತ್ತಾನೆ.

ಅಡ್ಡಗಾಳಿ 20 ನಾಟ್ ಇದ್ದರೆ ವಿಮಾನ ಮೂಗನ್ನು ಸುಮಾರು 8 ಡಿಗ್ರಿ ಗಾಳಿಯತ್ತ ತಿರುಗಿಸಿಕೊಂಡು ಓರೆಯಾಗಿ ಬರುತ್ತದೆ. ನೀನು ಕಿಟಕಿಯಲ್ಲಿ ರನ್‌ವೇ ಕಂಡು ಗಾಬರಿಯಾದೆ ಅಂದೆಯಲ್ಲ, ಅದು ಇದೇ. 20 ಅಡಿಯ ಹತ್ತಿರ ಮೂಗನ್ನು ಎರಡು ಮೂರು ಡಿಗ್ರಿ ಎತ್ತಿ, ಎಂಜಿನ್ ತಗ್ಗಿಸಿ, ಬಾಲದ ರಡ್ಡರ್ ಹಲಗೆಯನ್ನು ತಿರುಗಿಸುವ ಪೆಡಲ್ ಒತ್ತಿ ಮೂಗನ್ನು ನೇರ ಮಾಡಿ, ಗಾಳಿ ಬರುವ ಕಡೆಯ ರೆಕ್ಕೆಯನ್ನು ಚೂರು ತಗ್ಗಿಸಿ ಇಳಿಸಬೇಕು.

ಇಲ್ಲೇ ನಿನ್ನ ಧಡ್ ಅನ್ನುವ ಸದ್ದು. 140 ನಾಟ್ ಅಂದರೆ ಸೆಕೆಂಡಿಗೆ 72 ಮೀಟರ್. ಮೆತ್ತಗೆ ಕೂರಿಸಲು ಹೋಗಿ ಐದು ಸೆಕೆಂಡು ತೇಲಿಸಿದರೆ 360 ಮೀಟರ್ ರನ್‌ವೇ ಹೋಯಿತು. ಅಷ್ಟೇ ಅಲ್ಲ, ಟೈರು ಗಟ್ಟಿಯಾಗಿ ಊರಿದರೇ ನೀರಿನ ಪದರ ಸೀಳುವುದು. ಟೈರಿನ ಒತ್ತಡ 200 ಪಿಎಸ್ಐ (ಚದರ ಇಂಚಿಗೆ ಪೌಂಡ್) ಇದ್ದರೆ ಅದರ ವರ್ಗಮೂಲವನ್ನು 9ರಿಂದ ಗುಣಿಸು, 127 ನಾಟ್ ಬರುತ್ತದೆ. ನೀರು ನಿಂತಿದ್ದರೆ ಅದಕ್ಕಿಂತ ಮೇಲಿನ ವೇಗದಲ್ಲಿ ಟೈರು ನೀರಿನ ಮೇಲೆಯೇ ಓಡಬಹುದು, ಬ್ರೇಕು ಹಿಡಿಯುವುದಿಲ್ಲ. ಚಕ್ರ ಊರಿ ತಿರುಗಿದರೆ ರೆಕ್ಕೆಯ ಮೇಲಿನ ಸ್ಪಾಯ್ಲರ್ ಹಲಗೆಗಳು ಏಳುತ್ತವೆ, ರೆಕ್ಕೆ ಹೊತ್ತಿದ್ದ ಭಾರ ಚಕ್ರಕ್ಕೆ ಬೀಳುತ್ತದೆ, ಆಟೋಬ್ರೇಕ್ ಹಿಡಿಯುತ್ತದೆ. ತಡಮಾಡದೆ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ರಿವರ್ಸ್ ಎಳೆಯಬೇಕು. ಅಡ್ಡಗಾಳಿಗೆ ವಿಮಾನ ಪಕ್ಕಕ್ಕೆ ಸರಿಯತೊಡಗಿದರೆ ರಿವರ್ಸ್ ತಗ್ಗಿಸಿ, ಬ್ರೇಕು ಬಿಟ್ಟು, ನೇರ ಮಾಡಿಕೊಂಡು ಮತ್ತೆ ಹಿಡಿಯಬೇಕು.

2020ರ ಆಗಸ್ಟ್ 7ರಂದು ಕೇರಳದ ಕೋಯಿಕ್ಕೋಡಿನಲ್ಲಿ ಮಳೆಯಲ್ಲಿ ಇಳಿಯಲು ಬಂದ ವಿಮಾನಕ್ಕೆ ಏನಾಯಿತು ನೋಡು. ಮೊದಲ ಪ್ರಯತ್ನದಲ್ಲಿ ಕ್ಯಾಪ್ಟನ್ ಕಡೆಯ ವೈಪರ್ ಕೆಟ್ಟಿತು, ವಾಪಸ್ ಏರಿದರು. ಎರಡನೇ ಸಲ ಎದುರು ದಿಕ್ಕಿನಿಂದ, 14 ನಾಟ್ ಹಿಂಗಾಳಿಯಲ್ಲಿ ಬಂದರು. 2700 ಮೀಟರ್ ರನ್‌ವೇಯಲ್ಲಿ ಚಕ್ರ ಮುಟ್ಟಿದ್ದು ಸುಮಾರು 1350 ಮೀಟರ್ ದಾಟಿದ ಮೇಲೆ. ಗೋ-ಅರೌಂಡ್ ಅಂತ ಪಕ್ಕದ ಪೈಲಟ್‌ನಿಂದ ಬಂದ ಮಾತು ನಡೆಯಲಿಲ್ಲ. ವಿಮಾನ ರನ್‌ವೇ ದಾಟಿ ಕೆಳಗೆ ಬಿತ್ತು. 190 ಜನರಲ್ಲಿ 21 ಮಂದಿ ತೀರಿಕೊಂಡರು. 2010ರ ಮೇ 22ರಂದು ನಮ್ಮ ಬಜಪೆಯಲ್ಲಿ ವಿಮಾನ ರನ್‌ವೇ ದಾಟಿ ಬಿದ್ದು 158 ಜನ ಹೋದಾಗಲಂತೂ ಮಳೆಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಎತ್ತರದಲ್ಲಿ ಬಂದು ಮುಂದಕ್ಕೆ ಹೋಗಿ ಚಕ್ರ ಊರಿದ್ದೇ ಮುಳುವಾಯಿತು. ಅವತ್ತೂ ಬಲಗಡೆ ಸೀಟಿನ ಸಹಪೈಲಟ್‌ನಿಂದ ಗೋ-ಅರೌಂಡ್ ಮಾತು ಬಂದಿತ್ತು. ಇದನ್ನು ನೆನೆದಾಗೆಲ್ಲ ಹೊಟ್ಟೆ ಸಂಕಟವಾಗುತ್ತದೆ ಕಣೋ. ಚಕ್ರ ಮುಟ್ಟಿದ ಮೇಲೂ, ರಿವರ್ಸ್ ಎಳೆಯುವವರೆಗೆ, ಮತ್ತೆ ಏರಲು ದಾರಿಯಿದೆ. ಎಳೆದ ಮೇಲೆ ನಿಲ್ಲಿಸಲೇಬೇಕು.

ಏರಿದ ಮೇಲೆ ಎಷ್ಟು ಹೊತ್ತು ಸುತ್ತಬಹುದು ಅನ್ನುವುದನ್ನು ಇಂಧನ ಹೇಳುತ್ತದೆ. ಬೆಂಗಳೂರಿಗೋ ಕೊಚ್ಚಿಗೋ ಹೋಗುವಷ್ಟು, ಅಲ್ಲಿ ಇನ್ನೂ 30 ನಿಮಿಷ ಹಾರುವಷ್ಟು ಟ್ಯಾಂಕಿನಲ್ಲಿ ಇರಲೇಬೇಕು. ಅದಕ್ಕಿಂತ ಮೇಲಿನದಷ್ಟೇ ಕಾಯಲು. ಜುಲೈಯಲ್ಲಿ ನಿನ್ನ ತಂಗಿ ದುಬೈಯಿಂದ ಬರುವಾಗ ಬೆಂಗಳೂರಿಗೆ ತಿರುಗಿಸಿದರೆ ಯಾರೊಂದಿಗೂ ಜಗಳಕ್ಕೆ ಹೋಗಬೇಡ ಅನ್ನು. ಔಷಧಿ, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಳಿಯುವಾಗ ಬೆಲ್ಟನ್ನು ಸೊಂಟಕ್ಕೆ ಬಿಗಿಯಾಗಿ ಎಳೆದುಕೊಳ್ಳಲಿ.

ನಿನ್ನ,
ಗೆಳೆಯ